ಎದೆ ಡವಡವ ಅಂದ್ರೆ ಬರೀ ಹಾರ್ಟ್ ಪ್ಯಾಕೇಜ್ ನಂಬಬೇಡಿ

ಆರೂವರೆ ಸಾವಿರ ಕೊಟ್ಟು ಬೇಸ್ತು ಬಿದ್ದೆ. ಬರೆಯೋಕೆ ನಾಚಿಕೆ, ಆದ್ರೂ ಬರೀತಿದ್ದೇನೆ.

ನನಗೆ 54. ಮೂರು ತಿಂಗಳಿಂದ ಎದೆ ಡವಡವ. ಸುಮ್ನೆ ಕೂತಿದ್ದರೂ ನಾಡಿ 110, 120. ತಟ್ಟೆ ತುಂಬ ಉಣ್ಣುತ್ತಿದ್ದರೂ ಏಳು ಕೆಜಿ ಇಳಿದಿದ್ದೆ. ವಾಕಿಂಗ್‌ನಿಂದ ಅಂತ ಕೊಚ್ಚಿಕೊಂಡು ಓಡಾಡಿದೆ, ನನ್ನ ಬುದ್ಧಿಗಿಷ್ಟು!

ದೊಡ್ಡ ಆಸ್ಪತ್ರೆಯಲ್ಲಿ ಹಾರ್ಟ್ ಪ್ಯಾಕೇಜ್ ಮಾಡಿಸಿದೆ. ಇಸಿಜಿ, ಎಕೋ, ಕೊಲೆಸ್ಟ್ರಾಲ್, ಎಲ್ಲ. ಡಾಕ್ಟರು ಎರಡು ನಿಮಿಷ ಫೈಲು ತಿರುವಿದರು. "ಹಾರ್ಟ್ ಚೆನ್ನಾಗಿದೆ. ಬಡಿತ ಸ್ವಲ್ಪ ಜೋರು ಅಷ್ಟೆ. ಟೆನ್ಶನ್ ಕಡಿಮೆ ಮಾಡಿ." ನಿದ್ದೆ ಮಾತ್ರೆ ಬರೆದರು. ನಾನೂ ತಲೆಯಾಡಿಸಿ ಬಂದೆ.

ಐದು ವಾರದ ಮೇಲೆ ಒಂದು ರಾತ್ರಿ ಬಡಿತ ತಾಳವೇ ತಪ್ಪಿತು. ಎರಡು ಬಡಿದು ಒಂದು ಬಿಡುತ್ತಿತ್ತು, ಮತ್ತೆ ನಾಲ್ಕು ಒಟ್ಟಿಗೆ. ಪಕ್ಕದ ಬೀದಿಯ ನರ್ಸಿಂಗ್ ಹೋಮ್‌ಗೆ ಓಡಿದೆವು. ಅಲ್ಲಿನ ವಯಸ್ಸಾದ ಡಾಕ್ಟರು ಇಸಿಜಿ ನೋಡಿ ಏಟ್ರಿಯಲ್ ಫಿಬ್ರಿಲೇಶನ್, ಅಂದ್ರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರೋದು, ಅಂದರು. ಆಮೇಲೆ ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ನಡುಗಿತು. "ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ?"

ಥೈರಾಯ್ಡ್ ಅಂದ್ರೆ ಹೆಂಗಸರಿಗೆ ಬರೋದು, ದಪ್ಪ ಆಗೋದು, ನನಗೆ ಗೊತ್ತಿದ್ದಿದ್ದು ಇಷ್ಟೇ. ಟಿಎಸ್‌ಎಚ್ ಅಂದ್ರೆ ಥೈರಾಯ್ಡಿಗೆ ಕೆಲಸ ಮಾಡು ಅನ್ನೋ ಹಾರ್ಮೋನ್, ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಇದು ಇಳಿಯುತ್ತದೆ. ರಕ್ತದಲ್ಲಿ ಅದು 0.4ರ ಮೇಲಿರಬೇಕಂತೆ. ನನ್ನದು 0.01ಕ್ಕಿಂತ ಕಡಿಮೆ! ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿ ಹೃದಯವನ್ನು ಹಗಲು ರಾತ್ರಿ ಓಡಿಸುತ್ತಿತ್ತು. ಹೀಗೆ ತಾಳ ತಪ್ಪಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಮೆದುಳಿಗೆ ಹೋದರೆ ಲಕ್ವ.

ಫೈಲು ಹಿಡಿದು ಆ ದೊಡ್ಡ ಆಸ್ಪತ್ರೆಗೆ ಹೋದೆ. ಕೌಂಟರಿನ ಹುಡುಗಿ, "ಸರ್, ಥೈರಾಯ್ಡ್ ಈ ಪ್ಯಾಕೇಜಲ್ಲಿ ಬರಲ್ಲ."

ಮತ್ತೆ ಯಾರೂ ಯಾಕಮ್ಮ ಹೇಳಲಿಲ್ಲ?

"ನೀವು ಕೇಳಿದ್ರೆ ಸೇರಿಸ್ತಿದ್ವಿ ಸರ್."

ನಾನು ಕೇಳಬೇಕಂತೆ! ಏನು ಕಾಯಿಲೆ ಅಂತ ಗೊತ್ತಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಮ್ಯಾನೇಜರು ಬಂದು ನಗುನಗುತ್ತಾ, "ಫುಲ್ ಬಾಡಿ ಪ್ಯಾಕೇಜಿಗೆ ಹತ್ತು ಪರ್ಸೆಂಟ್ ಕಡಿಮೆ ಮಾಡ್ಕೊಡ್ತೀನಿ ಸರ್" ಅಂದರು. ಮೈಯೆಲ್ಲ ಉರಿಯಿತು. ನಾನು ಕೇಳಬೇಕಂತೆ.

ಬಡಿತ ಜೋರು, ತೂಕ ಇಳಿತ, ಕೈ ನಡುಕ, ತಡೆಯಲಾಗದ ಸೆಕೆ ಇದ್ದರೆ ಟಿಎಸ್‌ಎಚ್ ಮಾಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಅವರಾಗಿ ಹೇಳ್ತಾರೆ ಅಂತ ಕಾಯಬೇಡಿ. ನನಗೆ ಆ ಟೆಸ್ಟಿಗೆ ಬಿದ್ದಿದ್ದು ಮುನ್ನೂರು ರೂಪಾಯಿ.

ಈಗ ಥೈರಾಯ್ಡ್ ಹಾರ್ಮೋನ್ ತಗ್ಗಿಸೋ ಕಾರ್ಬಿಮಜೋಲ್, ಬಡಿತ ಇಳಿಸೋ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ನಡೀತಿವೆ. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣ ಇಳಿಸಬಹುದಂತೆ, ಅದಕ್ಕೇ ಜ್ವರ, ಗಂಟಲು ನೋವು ಬಂದರೆ ತಡ ಮಾಡದೆ ರಕ್ತ ಪರೀಕ್ಷೆಗೆ ಬನ್ನಿ ಅಂದಿದ್ದಾರೆ. ನಾಡಿ 82ಕ್ಕೆ ಇಳಿದಿದೆ. ತೂಕ ಎರಡು ಕೆಜಿ ವಾಪಸ್ ಬಂದಿದೆ. ವಾಕಿಂಗ್ ಗೆಳೆಯರಿಗೆ ಮಾತ್ರ ಇನ್ನೂ ಹೇಳಿಲ್ಲ.