ಟೆಸ್ಟ್ ಅಂತ ಹೆಸರಿಟ್ಟ ಸರ್ವರ್ ಮೇಲೆ ಆಫೀಸ್ ನಡೆಸಬೇಡಿ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಒಂದು ವರ್ಚುವಲ್ ಮಷಿನ್ (ವಿಎಂ, ಅಂದರೆ ದೊಡ್ಡ ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್) ತಾನಾಗಿಯೇ ಆಫ್ ಆಯಿತು. ಆನ್ ಮಾಡಿದೆವು, ಬಂತು. ಒಂದು ಗಂಟೆ ಕಳೆಯಿತು, ಮತ್ತೆ ಆಫ್. ಮತ್ತೆ ಆನ್ ಮಾಡಿದೆವು. ಇನ್ನೊಂದು ಗಂಟೆಗೆ ಅದೇ ಕಥೆ.

ಆ ವಿಎಂ ಹೆಸರು ಟೆಸ್ಟ್-02. ಸುಮ್ನೆ ನೋಡೋಣ ಅಂತ ನಾನೇ ಹಾಕಿದ್ದು. ವಿಂಡೋಸ್ ಸರ್ವರ್‌ನ ಇವ್ಯಾಲ್ಯುಯೇಷನ್ ಪ್ರತಿ, ಅಂದರೆ 180 ದಿನದ ಟ್ರಯಲ್. ಆಮೇಲೆ ಏನಾಯಿತು ಅಂದರೆ, ಆಫೀಸಿನ ಎಲ್ಲರ ಲಾಗಿನ್ ನೋಡಿಕೊಳ್ಳುವ ಹಳೆಯ ಡೊಮೈನ್ ಕಂಟ್ರೋಲರ್ ಕೈಕೊಟ್ಟಿತು. ಸದ್ಯಕ್ಕೆ ಇರಲಿ ಅಂತ ಟೆಸ್ಟ್-02ನ್ನೇ ಡೊಮೈನ್ ಕಂಟ್ರೋಲರ್ ಮಾಡಿದೆವು. ಆ 'ಸದ್ಯಕ್ಕೆ' ಐದು ತಿಂಗಳು ನಡೆಯಿತು. ಇಡೀ ಆಫೀಸಿನ ಲಾಗಿನ್ ಅದರ ಮೇಲೆ, ಮತ್ತೆ ಅದೊಂದೇ ಡೊಮೈನ್ ಕಂಟ್ರೋಲರ್. ಹೆಸರು ಮಾತ್ರ ಟೆಸ್ಟ್ ಅಂತಲೇ ಉಳಿಯಿತು. ಈ ಹೆಸರೇ ಮುಂದೆ ನಮಗೆ ಹೊಡೆತ ಕೊಟ್ಟಿದ್ದು.

ಮೊದಲು ಎಲ್ಲರ ಅನುಮಾನ ಹಾರ್ಡ್‌ವೇರ್ ಮೇಲೆ. ನಮ್ಮಲ್ಲಿ ಎರಡು ಹೈಪರ್-ವಿ ಹೋಸ್ಟ್‌ಗಳಿದ್ದವು, ಅಂದರೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸಿ ವಿಎಂಗಳನ್ನು ಓಡಿಸುವ ದೊಡ್ಡ ಸರ್ವರ್‌ಗಳು. ಮೊದಲನೆಯದರ ರ‍್ಯಾಮ್ ಹಾಳಾಗಿರಬೇಕು ಅಂದುಕೊಂಡು ಅದರ ಮೇಲಿದ್ದ ಐದೂ ವಿಎಂಗಳನ್ನು ಎರಡನೆಯದಕ್ಕೆ ಸಾಗಿಸಿದೆವು. ಉಳಿದ ನಾಲ್ಕು ಆರಾಮಾಗಿದ್ದವು. ಟೆಸ್ಟ್-02 ಮಾತ್ರ ಗಂಟೆಗೊಮ್ಮೆ ಮಲಗುತ್ತಲೇ ಇತ್ತು. ಆಗಲಾದರೂ ವಿಂಡೋಸ್ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆಗೆದು ನೋಡಬೇಕಿತ್ತು ಅಲ್ವಾ? ನೋಡಲಿಲ್ಲ.

ಜೊತೆಗಿದ್ದ ಹುಡುಗ, "ಸರ್, ಮೂರು ತಿಂಗಳ ಹಿಂದಿನ ಚೆಕ್‌ಪಾಯಿಂಟ್ ಇದೆ, ಅಲ್ಲಿಗೆ ಹೋಗೋಣ್ವಾ?" ಅಂದ. ನಾನು ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದೆ, ತಲೆ ಆಡಿಸಿಬಿಟ್ಟೆ. ಚೆಕ್‌ಪಾಯಿಂಟ್ ಅಂದರೆ ವಿಎಂ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಉಳಿಸಿಟ್ಟ ಸ್ಥಿತಿ. ಹೈಪರ್-ವಿ ಅಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಈಗಿನ ಸ್ಥಿತಿಯನ್ನೂ ಒಂದು ಚೆಕ್‌ಪಾಯಿಂಟ್ ಮಾಡಿಟ್ಟುಕೊಂಡು ಹಿಂದೆ ಹೋಗಬೇಕೋ, ಅಥವಾ ಹಾಗೇ ಹೋಗಬೇಕೋ? ಅವನು ಬರೀ 'ಅಪ್ಲೈ' ಒತ್ತಿದ. ಆ ಒಂದು ಕ್ಲಿಕ್‌ಗೆ ಮೂರು ತಿಂಗಳು ಹೋಯಿತು. ಹೊಸದಾಗಿ ಸೇರಿದವರ ಅಕೌಂಟ್, ಬದಲಾಯಿಸಿದ ಪಾಸ್‌ವರ್ಡ್, ಗ್ರೂಪ್‌ಗಳು, ಎಲ್ಲ. ಅವನನ್ನು ಬೈಯಲು ನನಗೆ ಮುಖವಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡೊಮೈನ್‌ಗೆ ಸೇರಿದ ಪ್ರತಿ ಕಂಪ್ಯೂಟರ್‌ಗೂ ತನ್ನದೇ ಒಂದು ಗುಟ್ಟಿನ ಪಾಸ್‌ವರ್ಡ್ ಇರುತ್ತದೆ. ಸೆಟ್ಟಿಂಗ್‌ನಲ್ಲಿ ನಾವೇನೂ ಬದಲಾಯಿಸದಿದ್ದರೆ ಅದನ್ನು ಅದು 30 ದಿನಕ್ಕೊಮ್ಮೆ ತಾನೇ ಬದಲಾಯಿಸಿಕೊಳ್ಳುತ್ತದೆ. ಸರ್ವರ್ ಮೂರು ತಿಂಗಳು ಹಿಂದೆ ಹೋದರೆ ಅದರ ಹತ್ತಿರ ಇರುವುದು ಹಳೇ ಪಾಸ್‌ವರ್ಡ್. ಟ್ರಸ್ಟ್ ರಿಲೇಷನ್‌ಶಿಪ್ (ಕಂಪ್ಯೂಟರ್ ಮತ್ತು ಡೊಮೈನ್ ನಡುವಿನ ನಂಬಿಕೆ) ಮುರಿದಿದೆ ಅನ್ನುವ ಸಂದೇಶ ಒಂದೊಂದೇ ಟೇಬಲ್‌ನಿಂದ ಬರತೊಡಗಿತು. ಲೋಕಲ್ ಅಡ್ಮಿನ್ ಆಗಿ ಒಳಗೆ ಹೋಗಿ ಒಂದೊಂದನ್ನೇ ಮತ್ತೆ ಡೊಮೈನ್‌ಗೆ ಸೇರಿಸಬೇಕಾಯಿತು. ಕೆಲವದರ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ನಮಗೇ ಗೊತ್ತಿರಲಿಲ್ಲ, ಅದು ಬಿಡಿ.

ಬ್ಯಾಕಪ್ ಇರಲಿಲ್ವಾ ಅಂತ ಕೇಳುತ್ತೀರಿ. ರಾತ್ರಿ ಬ್ಯಾಕಪ್ ಪಟ್ಟಿಯಿಂದ 'ಟೆಸ್ಟ್' ಅಂತ ಶುರುವಾಗುವ ಎಲ್ಲವನ್ನೂ ಬಿಟ್ಟಿದ್ದೆವು, ಜಾಗ ಉಳಿಸಲು.

ಇಷ್ಟೆಲ್ಲ ಮಾಡಿದ ಮೇಲೂ ಟೆಸ್ಟ್-02 ಗಂಟೆಗೆ ಸರಿಯಾಗಿ ಆಫ್ ಆಯಿತು! ಟ್ರಯಲ್ ಗಡುವು ನಡೆಯುವುದು ದಿನಾಂಕದ ಮೇಲೆ. ಡಿಸ್ಕ್ ಹಿಂದೆ ಹೋದರೂ ಗಡಿಯಾರ ಹಿಂದೆ ಹೋಗುವುದಿಲ್ಲವಲ್ಲ. ಕೊನೆಗೆ ಸಿಸ್ಟಮ್ ಲಾಗ್ ತೆಗೆದೆ. ಈವೆಂಟ್ 1074, ಅದರ ಪಕ್ಕ ಡಬ್ಲ್ಯುಎಲ್‌ಎಂಎಸ್ ಅನ್ನುವ ಪ್ರೋಗ್ರಾಂ ಹೆಸರು, ಲೈಸೆನ್ಸ್ ಅವಧಿ ಮುಗಿದಿದೆ, ಹಾಗಾಗಿ ಬಂದ್ ಮಾಡುತ್ತಿದ್ದೇನೆ ಅಂತ ನೀಟಾಗಿ ಬರೆದಿತ್ತು. ಬೆಳಿಗ್ಗೆಯೂ ಗಂಟೆಗೊಂದು ಸಲ ಹೀಗೇ ಬರೆದಿರಬೇಕು ಪಾಪ, ಚೆಕ್‌ಪಾಯಿಂಟ್‌ಗೆ ಹೋದಾಗ ಅದೂ ಅಳಿಸಿಹೋಯಿತು.

ನಿಮಗೆ ಇದೇ ಆದರೆ ಮೊದಲು ಆ ಲಾಗ್ ನೋಡಿ. ಆಮೇಲೆ ವಿಂಡೋಸ್ ಲೈಸೆನ್ಸ್ ನೋಡಲು ಎಸ್‌ಎಲ್‌ಎಂಜಿಆರ್ (slmgr) ಕಮಾಂಡ್ ಇದೆ. ಅದಕ್ಕೆ ಡಿಎಲ್‌ವಿ (/dlv) ಸೇರಿಸಿ ಓಡಿಸಿದರೆ ಎಷ್ಟು ದಿನ ಬಾಕಿ, ರೀಆರ್ಮ್ ಎಷ್ಟು ಸಲ ಉಳಿದಿದೆ ಅಂತ ತೋರಿಸುತ್ತದೆ. ರೀಆರ್ಮ್ ಮಾಡಿ ರೀಸ್ಟಾರ್ಟ್ ಮಾಡಿದರೆ ಗಡುವು ಮುಂದೆ ಹೋಗುತ್ತದೆ, ಉಸಿರಾಡಲು ಸಮಯ ಸಿಗುತ್ತದೆ. ಅಷ್ಟೇ. ಟ್ರಯಲ್ ಪ್ರತಿ ಪರೀಕ್ಷೆಗೆ ಮಾತ್ರ, ಅದರ ಮೇಲೆ ಕೆಲಸ ನಡೆಸುವುದು ಷರತ್ತಿಗೆ ವಿರುದ್ಧ.

ಹಾಗಾದರೆ ಕೀ ಹಾಕಿ ಅಸಲಿ ಮಾಡಿಬಿಡೋಣ ಅಂದರೆ ಅಲ್ಲೂ ಒಂದು ಗುಂಡಿ. ಮಾಮೂಲಿ ಸರ್ವರ್ ಆಗಿದ್ದರೆ ಡಿಸ್ಮ್ (DISM) ಕಮಾಂಡ್‌ನಲ್ಲಿ ಎಡಿಷನ್ ಬದಲಾಯಿಸಬಹುದು. ಡೊಮೈನ್ ಕಂಟ್ರೋಲರ್ ಆಗಿದ್ದರೆ ಆಗುವುದಿಲ್ಲ. ಅಸಲಿ ಪ್ರತಿ ಹಾಕಿದ ಇನ್ನೊಂದು ವಿಎಂ ಮಾಡಿ, ಅದನ್ನು ಡೊಮೈನ್ ಕಂಟ್ರೋಲರ್ ಮಾಡಿ, ಐದು ಎಫ್‌ಎಸ್‌ಎಂಒ ರೋಲ್‌ಗಳನ್ನು (ಒಂದು ಸಲಕ್ಕೆ ಒಂದೇ ಡೊಮೈನ್ ಕಂಟ್ರೋಲರ್ ಮಾಡುವ ವಿಶೇಷ ಕೆಲಸಗಳು) ಅದಕ್ಕೆ ಕೊಟ್ಟು, ಹಳೆಯದನ್ನು ಕೆಳಗಿಳಿಸಬೇಕು. ನಾವು ರಾತ್ರಿ ಪೂರ್ತಿ ಮಾಡಿದ್ದು ಇದನ್ನೇ.

ಆ ಹೊಸ ವಿಎಂಗೆ ಲೈಸೆನ್ಸ್ ಎಲ್ಲಿದೆ ಅಂತ ಹುಡುಕಲು ಹೋದಾಗ ನಿಜವಾದ ತಲೆನೋವು ಗೊತ್ತಾಯಿತು. ವಿಂಡೋಸ್ ಸರ್ವರ್ 2016ರಿಂದ ಲೆಕ್ಕ ಪ್ರೊಸೆಸರ್‌ನ ಕೋರ್ ಮೇಲೆ. ಹೋಸ್ಟ್‌ನಲ್ಲಿರುವ ಎಲ್ಲ ಕೋರ್‌ಗೂ ಲೈಸೆನ್ಸ್ ಬೇಕು. ಪ್ರೊಸೆಸರ್‌ಗೆ ಕಡಿಮೆ ಅಂದರೆ 8, ಸರ್ವರ್‌ಗೆ ಕಡಿಮೆ ಅಂದರೆ 16. ಸ್ಟ್ಯಾಂಡರ್ಡ್ ಎಡಿಷನ್ ಆದರೆ ಹಾಗೆ ಒಂದು ಸುತ್ತು ಕೊಂಡರೆ ಎರಡು ವಿಎಂ. ಇನ್ನೆರಡು ಬೇಕಾದರೆ ಎಲ್ಲ ಕೋರ್‌ಗೂ ಇನ್ನೊಂದು ಸುತ್ತು. ನಮ್ಮ ಹೋಸ್ಟ್‌ಗಳಲ್ಲಿ ತಲಾ 32 ಕೋರ್, ತಲಾ ಒಂದೇ ಸುತ್ತು ಕೊಂಡಿದ್ದೆವು. ಮೊದಲನೆಯದರ ಮೇಲೆ ಐದು ವಿಂಡೋಸ್ ವಿಎಂ, ಅಂದರೆ ಬೇಕಿದ್ದದ್ದು ಮೂರು ಸುತ್ತು, 96 ಕೋರ್. ಗಾಬರಿಯಲ್ಲಿ ಐದನ್ನೂ ಎರಡನೆಯದಕ್ಕೆ ಸಾಗಿಸಿದಾಗ ಅಲ್ಲಿ ಒಟ್ಟು ಏಳು ಆಗಿತ್ತು, ಅಂದರೆ 128 ಕೋರ್. ಇದ್ದದ್ದು 32.

ವಿಎಂ ಓಡಾಡುತ್ತದೆ, ಲೈಸೆನ್ಸ್ ಅದರ ಜೊತೆ ಹೋಗುವುದಿಲ್ಲ. ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಲೈಸೆನ್ಸ್ ಬದಲಾಯಿಸಿದರೆ 90 ದಿನ ಮತ್ತೆ ಮುಟ್ಟುವ ಹಾಗಿಲ್ಲ, ಹಾರ್ಡ್‌ವೇರ್ ಪೂರ್ತಿ ಕೆಟ್ಟರೆ ಮಾತ್ರ ವಿನಾಯಿತಿ. ಹಾಗಾಗಿ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹೋಸ್ಟ್‌ಗಳ ಗುಂಪು) ಇದ್ದರೆ ಪ್ರತಿ ಹೋಸ್ಟ್ ಮೇಲೆ ಅತಿ ಜಾಸ್ತಿ ಅಂದರೆ ಎಷ್ಟು ವಿಎಂ ಬರಬಹುದು, ಅದಕ್ಕೆ ಲೆಕ್ಕ ಹಾಕಿ. ಜಾಸ್ತಿ ಇದ್ದರೆ ಡೇಟಾಸೆಂಟರ್ ಎಡಿಷನ್ ನೋಡಿ, ಒಂದು ಸುತ್ತು ಕೊಂಡರೆ ವಿಎಂಗೆ ಮಿತಿಯಿಲ್ಲ. ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸ್ ಜೊತೆ ಕೊಳ್ಳುವ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಒಪ್ಪಂದ) ಅಥವಾ ಸಬ್‌ಸ್ಕ್ರಿಪ್ಷನ್ ಇದ್ದವರಿಗೆ ಅಕ್ಟೋಬರ್ 2022ರಿಂದ ವಿಎಂ ಲೆಕ್ಕದಲ್ಲೂ ಕೊಳ್ಳುವ ದಾರಿ ಇದೆ, ವಿಎಂಗೆ ಕನಿಷ್ಠ 8 ಕೋರ್. ಬಳಸುವವರ ಸಿಎಎಲ್ (ಸರ್ವರ್ ಬಳಸಲು ಪ್ರತಿ ವ್ಯಕ್ತಿಗೆ ಅಥವಾ ಸಾಧನಕ್ಕೆ ಬೇಕಾದ ಲೈಸೆನ್ಸ್) ಇದರಲ್ಲಿ ಸೇರಿಲ್ಲ, ಅದು ಬೇರೆ.

ಮರುದಿನ ಇನ್ನೊಂದು. ಸಾಗಿಸಿದ ವಿಎಂಗಳಲ್ಲಿ ಒಂದು ನಮ್ಮ ಡಿಸೈನ್ ಸಾಫ್ಟ್‌ವೇರ್‌ನ ಲೈಸೆನ್ಸ್ ಸರ್ವರ್. ರೀಸ್ಟಾರ್ಟ್ ಆದಮೇಲೆ ಯಾರಿಗೂ ಲೈಸೆನ್ಸ್ ಸಿಗುತ್ತಿಲ್ಲ. ಆ ಲೈಸೆನ್ಸ್ ಫೈಲ್ ಮ್ಯಾಕ್ ಅಡ್ರೆಸ್‌ಗೆ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ ಕಟ್ಟಿದ್ದು. ಹೈಪರ್-ವಿಯಲ್ಲಿ ಮ್ಯಾಕ್ 'ಡೈನಾಮಿಕ್' ಅಂತ ಬಿಟ್ಟಿದ್ದರೆ ಹೊಸ ಹೋಸ್ಟ್‌ನಲ್ಲಿ ರೀಸ್ಟಾರ್ಟ್ ಆದಾಗ ಬೇರೆ ಅಡ್ರೆಸ್ ಬರಬಹುದು. ಅದೃಷ್ಟಕ್ಕೆ ಹಳೇ ಅಡ್ರೆಸ್ ಲೈಸೆನ್ಸ್ ಫೈಲ್‌ನಲ್ಲೇ ಇತ್ತು. ಅದನ್ನು 'ಸ್ಟ್ಯಾಟಿಕ್' ಮಾಡಿ ಹಾಕಿದೆ, ಐದು ನಿಮಿಷದ ಕೆಲಸ. ಇಂಥ ವಿಎಂ ನಿಮ್ಮಲ್ಲಿದ್ದರೆ ಇವತ್ತೇ ಮಾಡಿಬಿಡಿ.

ಈಗ ನಮ್ಮಲ್ಲಿ ಟ್ರಯಲ್ ಹಾಕಿದರೆ ಅದರ ಗಡುವಿನ ದಿನಾಂಕವೇ ವಿಎಂ ಹೆಸರಿನಲ್ಲಿ ಇರುತ್ತದೆ. ಬ್ಯಾಕಪ್‌ನಿಂದ ಹೆಸರು ನೋಡಿ ಯಾವುದನ್ನೂ ಬಿಡುವುದಿಲ್ಲ. ಟೆಸ್ಟ್-02 ಮಾತ್ರ ಇನ್ನೂ ಆಫ್ ಆಗಿ ಹೋಸ್ಟ್ ಮೇಲೆ ಕೂತಿದೆ. ಅದರಿಂದ ಏನೂ ಉಪಯೋಗವಿಲ್ಲ ಅಂತ ಎಲ್ಲರಿಗೂ ಗೊತ್ತು, ಡಿಲೀಟ್ ಮಾಡಲು ಯಾರಿಗೂ ಧೈರ್ಯ ಬರುತ್ತಿಲ್ಲ.