ಹಳೇ ಯಾನ್ಮಾರ್ ಎಂಜಿನ್ನಿನ ಹಾಯಿದೋಣಿಗೆ 33ಸಿ ಗೇರ್ ಕೇಬಲ್

ಗೇರ್ ಬಿಗಿಯಾಗಿದೆಯೆಂದು 33ಸಿ ಕೇಬಲ್ (ಗೇರ್ ಹಿಡಿಯ ಚಲನೆಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ, ಕವಚದೊಳಗೆ ಜಾರುವ ತಂತಿ) ಕೊಳ್ಳಹೊರಟಿದ್ದರೆ, ಕೇಬಲ್ ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ದೋಷ ಎಲ್ಲಿದೆ ನೋಡಿ. ಎಂಜಿನ್ ನಿಲ್ಲಿಸಿ, ಗೇರ್‌ಬಾಕ್ಸ್ ಕಡೆಯ ಪಿನ್ ಕಳಚಿ, ಅಲ್ಲಿನ ಲಿವರನ್ನು ಕೈಯಲ್ಲೇ ಆಡಿಸಿ. ಅದು ಸಲೀಸಾಗಿದ್ದರೆ ಕೇಬಲ್ಲಿನ ಇನ್ನೊಂದು ತುದಿಯನ್ನೂ ಬಿಚ್ಚಿ ಎಳೆಯಿರಿ. ಆಗಲೂ ಬಿಗಿಯೆಂದರೆ ದೋಷ ಕೇಬಲ್ಲಿನದೇ, ಒಳತಂತಿ ತುಕ್ಕು ಹಿಡಿದಿರಬಹುದು. ಎಣ್ಣೆ ಬಿಟ್ಟು ದಿನ ತಳ್ಳುವುದು ದಂಡ.

33ಸಿಯ ಓಟ (ಒಳತಂತಿ ಜಾರುವ ದೂರ) 3 ಇಂಚು, ತುದಿಗಳಲ್ಲಿ 10-32 ಎಂಬ ಇಂಚಿನ ಅಳತೆಯ ಥ್ರೆಡ್. ಎಡವಟ್ಟಾಗುವುದು ಇಲ್ಲೇ: ಹಾರ್ಡ್‌ವೇರ್ ಅಂಗಡಿಯ ಎಂ5 (5 ಮಿ.ಮೀ. ಅಳತೆಯ) ನಟ್ ಇದಕ್ಕೆ ಕೂತುಬಿಡುತ್ತದೆ, ಆದರೆ ಸಡಿಲ. ದಕ್ಕೆಗೆ ಬರುವಾಗ ಥ್ರೆಡ್ ಕಿತ್ತು ರಿವರ್ಸ್ ಬೀಳದಿದ್ದರೆ ಗತಿಯೇನು? ತುದಿಯ ಫೋರ್ಕನ್ನೂ (ಲಿವರಿಗೆ ಪಿನ್ನಿನಿಂದ ಜೋಡಿಸುವ ಕವಲು ತುಂಡು) 10-32ರದ್ದೇ ಕೊಳ್ಳಿ. ಥ್ರೆಡ್ 10 ಮಿ.ಮೀ. ಆದರೂ ಒಳಹೋಗಲಿ, ಲಾಕ್‌ನಟ್ ಬಿಗಿಯಿರಿ, ಫೋರ್ಕಿನ ಪಿನ್ ಕಳಚದಂತೆ ಹೊಸ ಸ್ಟೇನ್‌ಲೆಸ್ ಕಾಟರ್ ಪಿನ್ ಹಾಕಿ.

ತಿರುವಿನ ತ್ರಿಜ್ಯ 20 ಸೆಂ.ಮೀ.ಗಿಂತ ಕಡಿಮೆಯಾದರೆ ಹೊಸ ಕೇಬಲ್ಲೂ ಬಿಗಿಯೇ. ಕ್ಲಾಂಪ್ ಹೊರಕವಚದ ತುದಿಯ ಕಚ್ಚಿನಲ್ಲೇ ಕೂರಬೇಕು. ಕ್ಲಾಂಪ್ ಜಾರಿದರೆ ಕೇಬಲ್ಲೇ ಓಡಾಡುತ್ತದೆ, ಗೇರ್ ಅರ್ಧಕ್ಕೇ ನಿಲ್ಲುತ್ತದೆ. ಯಾನ್ಮಾರ್ 2ಜಿಎಂ20 ಎಂಜಿನ್ನಿನ ಕೆಎಂ2ಪಿ ಗೇರ್‌ಬಾಕ್ಸ್‌ನದು ಕೋನ್ ಕ್ಲಚ್, ಅಂದರೆ ಶಂಕುವಿನಾಕಾರದ ಭಾಗ ಒತ್ತಿ ಹಿಡಿಯುವಂಥದ್ದು. ಲಿವರ್ ಪೂರ್ತಿ ಹೋಗದಿದ್ದರೆ ಕೋನ್ ಜಾರಿ ಸವೆಯುತ್ತದೆ. ಎರಡೂ ತುದಿ ನ್ಯೂಟ್ರಲ್‌ನಲ್ಲಿದ್ದಾಗ ಪಿನ್ ಬಲಪ್ರಯೋಗವಿಲ್ಲದೆ ಇಳಿಯುವಂತೆ ಫೋರ್ಕ್ ತಿರುಗಿಸಿ, ಆಮೇಲೆ ಮುಂದಕ್ಕೂ ಹಿಂದಕ್ಕೂ ಪೂರ್ತಿ ಓಟ ಇದೆಯೇ ಪರೀಕ್ಷಿಸಿ.