ಸೀಟಿನ ಕೆಳಗೆ ಎಂಜಿನ್, ಹಿಂದೆ ಮನೆ: ಹಳೆಯ ಡೀಸೆಲ್ ಮೋಟರ್‌ಹೋಮ್ ಜೊತೆ ಮೂರೂವರೆ ವರ್ಷ

ಈ ಗಾಡಿ ಮನೆಗೆ ಬಂದದ್ದು ಅವ್ವನ ಸಲುವಾಗಿ. ಅವಳಿಗೆ ಈಗ 74. ಎರಡೂ ಮೊಣಕಾಲು ನೋವು. ವರ್ಷಕ್ಕೊಮ್ಮೆ ಗಾಣಗಾಪುರಕ್ಕೆ ಹೋಗುವ ರೂಢಿ ಬಿಟ್ಟೇ ಹೋಗಿತ್ತು. ಕಲಬುರಗಿಯಿಂದ ಅದೇನು ದೂರದ ಊರಲ್ಲ. ಆದರೆ ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಅವಳಿಗೆ ಕಾಲು ಚಾಚಲು ಆಗುತ್ತಿರಲಿಲ್ಲ. ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗಬೇಕು ಎಂಬ ಚಿಂತೆಗೆ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಸಾಕಾಗಿ ನಾನು ಮೋಟರ್‌ಹೋಮ್, ಅಂದರೆ ಒಳಗೇ ಮಲಗಲು ಆಗುವ ಮನೆಯಂಥ ಗಾಡಿ, ಹುಡುಕತೊಡಗಿದೆ.

ಹೊಸದು ನಮ್ಮ ಕೈಗೆ ಸಿಗುವ ಮಾತಲ್ಲ. 2022ರ ಆಗಸ್ಟ್‌ನಲ್ಲಿ ಬೀದರ್‌ನಲ್ಲಿ ಒಂದು ಹಳೆಯದು ಸಿಕ್ಕಿತು. 2013ರ ಮಾಡೆಲ್, 1.4 ಲೀಟರ್ ಟರ್ಬೊ ಡೀಸೆಲ್ ವ್ಯಾನ್. ಓಡಿದ್ದು 88,000 ಕಿ.ಮೀ. ಕೊಟ್ಟದ್ದು 3 ಲಕ್ಷ 10 ಸಾವಿರ. ಒಳಗಿನ ಮಂಚ, ಕಪಾಟು, ನೀರಿನ ಟ್ಯಾಂಕ್, ಸೋಲಾರ್ ಎಲ್ಲವನ್ನೂ ಹಿಂದಿನ ಮಾಲೀಕರೇ ಮಾಡಿಸಿದ್ದರು. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಅನುಭವಿಸಿದ ತೊಂದರೆಗಳಲ್ಲಿ ಹೆಚ್ಚಿನವು ವಯಸ್ಸಿನಿಂದ ಮತ್ತು ಹಿಂದಿನ ಬಳಕೆಯಿಂದ ಬಂದವು.

ಈ ಗಾಡಿಗೆ ಮುಂದೆ ಮೂತಿ ಇಲ್ಲ. ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ಕೆಳಗೆ, ಮುಂದಿನ ಚಕ್ರಗಳಿಗಿಂತ ಹಿಂದೆ. ಇದಕ್ಕೆ ಮಿಡ್ ಎಂಜಿನ್ ಎನ್ನುತ್ತಾರೆ. ಓಮ್ನಿ ನೋಡಿದವರಿಗೆ ಇದು ಗೊತ್ತು, ಅದರಲ್ಲೂ ಎಂಜಿನ್ ಸೀಟಿನ ಕೆಳಗೇ ಇತ್ತು. ಅದು ಪೆಟ್ರೋಲ್, ಇದು ಡೀಸೆಲ್. ಈ ಒಂದು ವಿಷಯ ಚೆನ್ನಾಗಿ ಅರ್ಥವಾದರೆ ಈ ಗಾಡಿಯ ಒಳ್ಳೆಯದು ಕೆಟ್ಟದ್ದು ಎರಡೂ ಅರ್ಥವಾಗುತ್ತವೆ. ಕೊಳ್ಳುವಾಗ ನನಗೆ ಅರ್ಥವಾಗಿರಲಿಲ್ಲ.

ಒಳ್ಳೆಯದು ಮೊದಲು ಹೇಳುತ್ತೇನೆ. ಗಾಡಿಯ ಉದ್ದ ನಾಲ್ಕು ಮೀಟರ್ ಕೂಡ ಇಲ್ಲ. ಆದರೂ ಎಂಜಿನ್‌ಗೆ ಬೇರೆ ಜಾಗ ಬೇಡವಾದ್ದರಿಂದ ಹಿಂದೆ ಆರು ಅಡಿಯ ಮಂಚ ಕೂತಿದೆ. ನೆಲ ಸಪಾಟು. ಪಕ್ಕದ ಬಾಗಿಲು ಜಾರಿಸಿ ತೆರೆದರೆ ಅವ್ವ ಒಂದು ಮೆಟ್ಟಿಲು ಹತ್ತಿ ನೇರವಾಗಿ ಮಂಚದ ಮೇಲೆ ಕೂರುತ್ತಾಳೆ. ಮೂಲೆಯಲ್ಲಿ ಪರದೆಯ ಹಿಂದೆ ಪೋರ್ಟಬಲ್ ಟಾಯ್ಲೆಟ್ ಇದೆ. ಹಳೇ ಬಜಾರದ ಓಣಿಗಳಲ್ಲೂ ಗಾಡಿ ಸಲೀಸಾಗಿ ತಿರುಗುತ್ತದೆ. ದೊಡ್ಡ ಟೆಂಪೋ ತಗೊಂಡಿದ್ದರೆ ನಮ್ಮ ಮನೆ ಮುಂದೆ ನಿಲ್ಲಿಸಲೂ ಆಗುತ್ತಿರಲಿಲ್ಲ. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ನಿಜ. ರಾತ್ರಿ ಅವ್ವ ಮತ್ತು ನನ್ನ ಹೆಂಡತಿ ಒಳಗೆ ಮಲಗುತ್ತಾರೆ. ನಾನು ಪಕ್ಕದಲ್ಲಿ ತಾಡಪತ್ರಿ ಕಟ್ಟಿ, ಮಡಚುವ ಮಂಚ ಹಾಕಿಕೊಂಡು ಮಲಗುತ್ತೇನೆ.

ಇನ್ನು ಶಾಖದ ವಿಷಯ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೊರಗೆ 42, 43 ಡಿಗ್ರಿ. ಅದರ ಮೇಲೆ ಸೀಟಿನ ಕೆಳಗೆ ಓಡುತ್ತಿರುವ ಡೀಸೆಲ್ ಎಂಜಿನ್. ಅರ್ಧ ಗಂಟೆ ಓಡಿಸಿದರೆ ಸಾಕು, ತೊಡೆಯ ಕೆಳಗೆ ಬಿಸಿ ಹತ್ತುತ್ತದೆ. ನಾನು ಗಾಡಿ ನೋಡಿದ್ದು ಆಗಸ್ಟ್‌ನಲ್ಲಿ, ಮಳೆ ಬಂದು ತಂಪಾಗಿದ್ದ ದಿನ. ಬೀದರ್ ಕೋಟೆಯ ಸುತ್ತ ಹತ್ತು ನಿಮಿಷ ಓಡಿಸಿ ಒಪ್ಪಿಕೊಂಡೆ. ಅದು ತಪ್ಪು. ಇಂಥ ಗಾಡಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಕನಿಷ್ಠ ಮುಕ್ಕಾಲು ಗಂಟೆ ಓಡಿಸಬೇಕು. ಆಮೇಲೆ ಸೀಟಿನ ಮೇಲೆ, ಕಾಲಿಡುವ ಜಾಗದಲ್ಲಿ, ಗೇರ್ ಬುಡದಲ್ಲಿ ಕೈ ಇಟ್ಟು ನೋಡಬೇಕು.

ಶಾಖ ಬರೀ ಕೂರುವವರಿಗೆ ತೊಂದರೆ ಕೊಡುವುದಿಲ್ಲ. ಹಿಂದಿನವರು 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯನ್ನು ಡ್ರೈವರ್ ಸೀಟಿನ ಬೆನ್ನಿಗೇ ಇಟ್ಟಿದ್ದರು. ವೈರ್ ಉಳಿಯುತ್ತದೆ ಎಂಬ ಲೆಕ್ಕ ಇರಬೇಕು. ಮೊದಲ ಬೇಸಿಗೆಯಲ್ಲಿ ಅದು ಆಗಾಗ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ ಪೆಟ್ಟಿಗೆಯೊಳಗೆ 51 ಡಿಗ್ರಿ! ಬ್ಯಾಟರಿ ಜೊತೆ ಬಂದ ಪುಸ್ತಕದಲ್ಲಿ 45ರ ಮೇಲೆ ಚಾರ್ಜ್ ಮಾಡಬೇಡಿ ಎಂದಿದೆ. ಹಿಂದಿನ ಚಕ್ರದ ಮೇಲಿನ ಜಾಗಕ್ಕೆ ಸಾಗಿಸಿದೆ. ಅಂದಿನಿಂದ ಆ ತೊಂದರೆ ಇಲ್ಲ. ಛಾವಣಿಯ 160 ವ್ಯಾಟ್ ಪ್ಯಾನೆಲ್‌ನಿಂದ ಎರಡು ಫ್ಯಾನ್, ದೀಪ, ಫೋನ್, ಒಂದು ಸಣ್ಣ 12 ವೋಲ್ಟ್ ಫ್ರಿಜ್ ಆರಾಮವಾಗಿ ನಡೆಯುತ್ತವೆ. ಎಸಿ ನಡೆಯುವುದಿಲ್ಲ. ಒಂದು ಟನ್ ಎಸಿಗೆ ಸುಮಾರು 1,000 ವ್ಯಾಟ್ ಬೇಕು. ಸೋಲಾರ್ ಮೇಲೆ ರಾತ್ರಿಯೆಲ್ಲ ಎಸಿ ಓಡುತ್ತದೆ ಎಂದು ಯಾರಾದರೂ ಹೇಳಿ ಇಷ್ಟು ಸಣ್ಣ ಗಾಡಿ ಮಾರಲು ಬಂದರೆ ನಂಬಬೇಡಿ.

ಎಂಜಿನ್ ನಡುವೆ ಇದ್ದರೆ ರೇಡಿಯೇಟರ್‌ಗೂ ಎಂಜಿನ್‌ಗೂ ದೂರ ಜಾಸ್ತಿ. ನಮ್ಮದರಲ್ಲಿ ರೇಡಿಯೇಟರ್ ಮುಂದಿದೆ. ಅಲ್ಲಿಂದ ನೆಲದ ಕೆಳಗೆ ಉದ್ದ ಪೈಪು, ಎರಡೂ ಕಡೆ ರಬ್ಬರ್ ಹೋಸ್. 2023ರ ಬೇಸಿಗೆಯಲ್ಲಿ ಹುಮನಾಬಾದ್ ಕಡೆ ಹೋಗುತ್ತಿದ್ದೆವು. ಕಮಲಾಪುರದಲ್ಲಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತಗೊಂಡಿದ್ದೆವು. ಅಲ್ಲಿಂದ ಮುಂದೆ ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಒಂದು ಥರದ ಸಿಹಿ ವಾಸನೆ ಬಂತು. ಅದು ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ವಾಸನೆ, ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸಿ ಮುಕ್ಕಾಲು ಗಂಟೆ ಸುಮ್ನೆ ಕಾದೆವು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆಯಲೇಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹುಮನಾಬಾದ್‌ನಿಂದ ಮೆಕ್ಯಾನಿಕ್ ಒಬ್ಬರು ಬೈಕ್ ಮೇಲೆ ಬಂದರು. "ಸೀಟ್ ಎತ್ರೀ ಸರ, ಎಲ್ಲಾ ಇಲ್ಲೇ ಕಾಣಸ್ತದ" ಎಂದರು. ಹೋಸ್ ಕ್ಲ್ಯಾಂಪಿನ ಹತ್ತಿರ ಸೀಳಿತ್ತು.

ಹೋಸ್ ಹಾಕಿ ಮನೆಗೆ ಬಂದೆವು. ಆದರೆ ಮುಳ್ಳು ಮತ್ತೆ ಏರತೊಡಗಿತು. ಒಂದು ದೊಡ್ಡ ವರ್ಕ್‌ಶಾಪಿನವರು ವಾಟರ್ ಪಂಪ್ ಹೋಗಿದೆ ಎಂದು ಅದನ್ನೇ ಬದಲಾಯಿಸಿದರು, 6,800 ರೂಪಾಯಿ ತಗೊಂಡರು. ಏನೂ ಬದಲಾಗಲಿಲ್ಲ. ಕೊನೆಗೆ ರಿಂಗ್ ರೋಡ್ ಹತ್ತಿರದ ಒಬ್ಬ ಹಿರಿಯ ಮಿಸ್ತ್ರಿ ಗಾಡಿಯನ್ನು ಮುಂಭಾಗ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರು. ಹೀಟರ್ ಆನ್ ಮಾಡಿದರು. ನಿಧಾನವಾಗಿ ಕೂಲಂಟ್ ಹಾಕುತ್ತಾ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿದರು. ಗುಳ್ಳೆಗಳು ಬಂದವು, ಬಂದವು, ನಿಂತವು. ಉದ್ದ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು, ಅಷ್ಟೇ. ಅವರು ತಗೊಂಡದ್ದು 300 ರೂಪಾಯಿ. ಇಂಥ ಗಾಡಿ ಇರುವವರು ಈ ಕೆಲಸ ಗೊತ್ತಿರುವ ಒಬ್ಬರನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ.

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ. ಗಾಡಿ ಬಂದ ಎರಡನೇ ತಿಂಗಳು ಗಾಣಗಾಪುರಕ್ಕೆ ಹೊರಟಿದ್ದೆವು. ಚಳಿ ಇತ್ತು, ಕಿಟಕಿ ಎಲ್ಲ ಹಾಕಿದ್ದೆವು. ಅರ್ಧ ದಾರಿಯಲ್ಲಿ ಅವ್ವ "ತಲಿ ಬ್ಯಾನಿ ಆಗ್ಲಿಕತ್ತದಪ್ಪ" ಅಂದಳು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿಗೂ ತಲೆ ಭಾರ. ಗಾಡಿಯೊಳಗೆ ಸಣ್ಣಗೆ ಡೀಸೆಲ್ ಹೊಗೆಯ ವಾಸನೆ. ನಿಲ್ಲಿಸಿ ಇಳಿಸಿದೆ. ಹೊರಗಿನ ಗಾಳಿಗೆ ಇಬ್ಬರಿಗೂ ಕಡಿಮೆಯಾಯಿತು. ಆ ದಿನ ಮುಂದೆ ಹೋಗಲಿಲ್ಲ.

ಸೀಟು ಎತ್ತಿ ನೋಡಿದಾಗ ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಕೆಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೊಗೆ ಹೊರಹೋಗುವ ಪೈಪಿನ ಬುಡದ ಸೀಲ್, ಸೋರುತ್ತಿತ್ತು. ಬೇರೆ ಗಾಡಿಗಳಲ್ಲಿ ಇದೇ ಸೋರಿಕೆ ಇದ್ದರೆ ಹೊಗೆ ಹೆಚ್ಚಾಗಿ ಬಾನೆಟ್ ಕೆಳಗೇ ಉಳಿಯುತ್ತದೆ. ಇದರಲ್ಲಿ ನೇರವಾಗಿ ಮನೆಯೊಳಗೆ ಬರುತ್ತದೆ. ಹೊಗೆಗಾದರೂ ವಾಸನೆ ಇದೆ. ಅದರ ಜೊತೆ ಇರುವ ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಗ್ಯಾಸ್ಕೆಟ್ ಮತ್ತು ಬೀಡಿಂಗ್ ಎರಡೂ ಹೊಸದು ಹಾಕಿಸಿದೆ. ಮಂಚದ ತಲೆಯ ಹತ್ತಿರ ಬ್ಯಾಟರಿಯ ಸಿಒ ಅಲಾರಂ ಹಾಕಿದೆ. ಎಂಜಿನ್ ಓಡುವಾಗ ನಿಂತ ಗಾಡಿಯಲ್ಲಿ ಯಾರೂ ಮಲಗುವುದಿಲ್ಲ, ಎಷ್ಟೇ ಸೆಕೆ ಇರಲಿ. ದಯವಿಟ್ಟು ಈ ಒಂದು ವಿಷಯದಲ್ಲಿ ಹಣ ಉಳಿಸಬೇಡಿ.

ಗ್ಯಾಸ್ ಬಗ್ಗೆಯೂ ಇದೇ ಥರ ಯೋಚಿಸಬೇಕಾಯಿತು. ಒಳಗೆ 5 ಕೆ.ಜಿ. ಸಿಲಿಂಡರ್ ಮತ್ತು ಒಲೆ ಇತ್ತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಸಂದಿ ಸಿಕ್ಕರೆ ಇನ್ನೂ ಕೆಳಗೆ ಹೋಗುತ್ತದೆ. ನಮ್ಮ ನೆಲದ ಪಕ್ಕದಲ್ಲೇ ಬಿಸಿ ಎಂಜಿನ್. ಸಿಲಿಂಡರ್ ಪೂರ್ತಿ ತೆಗೆದುಬಿಟ್ಟೆ. ನಮಗೆ ದಾರಿಯಲ್ಲಿ ಅಡುಗೆ ಅಂತ ಬೇಕಾಗುವುದೂ ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರೆ ಎರಡು ದಿನ ಚಿಂತೆ ಇಲ್ಲ. ಚಹಾ ಮಾತ್ರ ಹೊರಗೆ ಸಣ್ಣ ಒಲೆಯ ಮೇಲೆ.

ಕೊಂಡ ಕೂಡಲೇ ಮಾಡಿಸಿದ ಎರಡು ಕೆಲಸಗಳು ಸರಿ ಇದ್ದವು. ಒಂದು ಟೈಮಿಂಗ್ ಬೆಲ್ಟ್, ಎಂಜಿನ್ ಒಳಗಿನ ವಾಲ್ವ್ ಮತ್ತು ಪಿಸ್ಟನ್‌ಗಳನ್ನು ಹೊಂದಿಸಿ ಓಡಿಸುವ ಪಟ್ಟಿ. ಯಾವಾಗ ಬದಲಾಯಿಸಿದ್ದು ಎಂದು ಕೇಳಿದರೆ ಬಿಲ್ ಇರಲಿಲ್ಲ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಬೇಕು. ಓಡುವಾಗ ಅದು ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಇನ್ನೊಂದು ಟೈರ್. ನೋಡಲು ಮೇಲಿನ ಗೀರುಗಳು ಆಳವಾಗಿದ್ದವು, ಹೊಸದರಂತೆ ಇದ್ದವು. ಪಕ್ಕದ ಗೋಡೆಯ ಮೇಲೆ 2314 ಎಂದಿತ್ತು. ಅಂದರೆ 2014ರ 23ನೇ ವಾರ. ಎಂಟು ವರ್ಷ ಹಳೆಯ ರಬ್ಬರ್! ನಿಂತೇ ಇರುವ ಮೋಟರ್‌ಹೋಮ್‌ಗಳಲ್ಲಿ ಇದು ಸಾಮಾನ್ಯ. ಬೆಲ್ಟ್, ಐದು ಟೈರ್, ಆಮೇಲಿನ ಹೋಸ್ ಮತ್ತು ಗ್ಯಾಸ್ಕೆಟ್ ಸೇರಿ ಮೊದಲ ವರ್ಷ 62,000 ರೂಪಾಯಿ ಹೋಯಿತು. ನಂತರದ ವರ್ಷಗಳಲ್ಲಿ ಹದಿನೈದು ಸಾವಿರದ ಒಳಗೇ ಮುಗಿದಿದೆ.

ಕಾಗದಪತ್ರ ನೋಡದೆ ಅಡ್ವಾನ್ಸ್ ಕೊಡಬೇಡಿ. ಇದಕ್ಕೂ ಮೊದಲು ಹೈದರಾಬಾದ್‌ನಲ್ಲಿ ಒಂದನ್ನು ನೋಡಿದ್ದೆ, ನಲವತ್ತು ಸಾವಿರ ಅಗ್ಗ. ಆದರೆ ಬೇರೆ ರಾಜ್ಯದ್ದಾದರೆ ಎನ್‌ಒಸಿ ತಂದು, ಇಲ್ಲಿಯ ತೆರಿಗೆ ಕಟ್ಟಿ, ಕರ್ನಾಟಕದ ನಂಬರ್ ಮಾಡಿಸಬೇಕು. ಲೆಕ್ಕ ಹಾಕಿದರೆ ಅಗ್ಗ ಎನ್ನುವುದು ಉಳಿಯಲಿಲ್ಲ. ಕೆಎ 38 ಗಾಡಿ ಆದ್ದರಿಂದ ನನಗೆ ಆ ತಲೆನೋವು ಇರಲಿಲ್ಲ. ಫಾರಂ 29, 30 ಕೊಟ್ಟು ಹೆಸರು ಬದಲಾಯಿತು. ಮುಖ್ಯವಾಗಿ, ಎಂಟು ಸೀಟಿನ ವ್ಯಾನ್ ನಾಲ್ಕು ಸೀಟಾಗಿದ್ದು ಆರ್‌ಸಿಯಲ್ಲಿ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಾಯಿಸುವಂತಿಲ್ಲ. ಬರೆಸದೆ ಮಂಚ ಕೂರಿಸಿದ ಗಾಡಿ ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಲು ಅದೊಂದೇ ಕಾರಣ ಸಾಕು. ನನ್ನ ಗಾಡಿಗೆ 2028ರಲ್ಲಿ 15 ವರ್ಷ ತುಂಬುತ್ತದೆ. ಆಗ ಫಿಟ್ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದು ವರ್ಷಕ್ಕೊಮ್ಮೆ.

ಓಡಿಸುವುದರಲ್ಲಿ ಸಂತೋಷ ಇದೆ. ಭಾರವೆಲ್ಲ ನಡುವೆ ಇರುವುದರಿಂದ ತಿರುವಿನಲ್ಲಿ ಗಾಡಿ ಹತೋಟಿಯಲ್ಲಿರುತ್ತದೆ. ಮೇಲಿನ ಪ್ಲೈವುಡ್ ಕಪಾಟು ಮಾತ್ರ ತೆಗೆಸಿದೆ, ಅದರಿಂದ ತೂಗಾಟ ಇತ್ತು. 70ರಲ್ಲಿ ಹಾಯಾಗಿ ಹೋಗುತ್ತದೆ, 80 ದಾಟಿದರೆ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮುಂದೆ ಬಾನೆಟ್ ಇಲ್ಲ, ಡಿಕ್ಕಿಯಾದರೆ ನಮ್ಮ ಮೊಣಕಾಲೇ ಮುಂದೆ. ಹಾಗಾಗಿ ರಾತ್ರಿ ಹೈವೇ ಮೇಲೆ ನಾನು ಓಡಿಸುವುದಿಲ್ಲ. ಡೀಸೆಲ್ ಲೀಟರಿಗೆ ತುಂಬಿದ ಗಾಡಿಯಲ್ಲಿ 11, ಹಗುರ ಇದ್ದರೆ 13 ಕಿ.ಮೀ. ಏರ್ ಫಿಲ್ಟರ್ ಮಾತ್ರ ಬೇಗ ಬೇಗ ನೋಡಬೇಕು. ತೊಗರಿ ರಾಶಿಯ ಹೊತ್ತಿಗೆ ಎರೆ ಮಣ್ಣಿನ ಧೂಳು ಎಲ್ಲ ಕಡೆ. ಎಂಜಿನ್ ನೆಲಕ್ಕೆ ಹತ್ತಿರ ಇರುವುದರಿಂದ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ.

ಮೀಟರ್ ಈಗ 1,24,000 ದಾಟಿದೆ. ಮಳಖೇಡದ ಕಾಗಿಣಾ ದಂಡೆ, ಚಂದ್ರಂಪಳ್ಳಿ ಡ್ಯಾಂ, ಬಸವಕಲ್ಯಾಣ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸನ್ನತಿ ಎಲ್ಲ ನೋಡಿದೆವು. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕಿದ ಜಾಗವನ್ನು ಅವ್ವ ಮೊದಲ ಸಲ ನೋಡಿದ್ದು. ಅವಳು ಹುಟ್ಟಿದ ಊರು ಅಲ್ಲಿಂದ ಬಹಳ ದೂರ ಇಲ್ಲ. ನಾವು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಿರುಗುತ್ತೇವೆ. ಏಪ್ರಿಲ್, ಮೇ ಗಾಡಿ ಮನೆ ಮುಂದೆ ನೆರಳಲ್ಲಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂಟು ಹತ್ತು ಕಿ.ಮೀ. ಓಡಿಸುತ್ತೇನೆ. ಡೀಸೆಲ್ ಫಿಲ್ಟರ್ ಕೆಳಗಿನ ನೀರು ಬಿಡುತ್ತೇನೆ.

ಕಾಕಾನ ಮಗ ನಾಲ್ಕು ತಿಂಗಳಿಂದ ಇದನ್ನು ಕೇಳುತ್ತಿದ್ದಾನೆ, ನಾನು ಕೊಟ್ಟ ಬೆಲೆಯೇ ಕೊಡುತ್ತೇನೆ ಅಂತಾನೆ. ಕೊಡುವುದಿಲ್ಲ ಎಂದೆ. ಈ ವಾರ ಎಂಜಿನ್ ಮುಚ್ಚಳದ ಬೀಡಿಂಗ್ ಮತ್ತೆ ಬದಲಾಯಿಸಬೇಕು, ಒಂದು ಮೂಲೆ ಗಟ್ಟಿಯಾಗಿದೆ. ಅದಾದ ಮೇಲೆ ತಿಂಥಣಿ ಮೌನೇಶ್ವರಕ್ಕೆ ಹೋಗಬೇಕೆಂದು ಅವ್ವ ಹೇಳಿದ್ದಾಳೆ. ಹೊರಡುವ ದಿನ ಬೆಳಿಗ್ಗೆ ಅವಳು ಎರಡು ಲೋಟ ನೀರು ಕುಡಿದೇ ಗಾಡಿ ಹತ್ತುತ್ತಾಳೆ.